ಹೆಸರು ಹಿಡಿದು ಪ್ರಾರ್ಥಿಸುವವರು

ಅವ್ವನ ಬೈಪಾಸ್ ಆಪರೇಷನ್ ಸೋಮವಾರಕ್ಕೆ ಗೊತ್ತಾಗಿತ್ತು. ನನಗೆ ಅಷ್ಟು ಬೇಗ ರಜೆ ಸಿಗಲಿಲ್ಲ. ಜರ್ಮನಿಯ ಸ್ಟುಟ್‌ಗಾರ್ಟ್ ಹತ್ತಿರದ ಈ ಸಣ್ಣ ಊರಿನಲ್ಲಿ ಕೂತು ಫೋನ್ ನೋಡುವುದಷ್ಟೇ ನನ್ನ ಪಾಲಿಗೆ ಉಳಿದಿತ್ತು. ಹಿಂದಿನ ದಿನ ರವಿವಾರ, ಆರಾಧನೆಗೆ ಮೊದಲೇ ಹೋಗಿ ಇಲ್ಲಿನ ಚರ್ಚಿನ ಸಭಾಪಾಲಕಿಯನ್ನು ಕಂಡೆ. ಅವ್ವನ ಹೆಸರನ್ನು ಒಂದು ಚೀಟಿಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆದುಕೊಟ್ಟು, ಹೇಗೆ ಉಚ್ಚರಿಸಬೇಕೆಂದು ಹೇಳಿಕೊಟ್ಟು, ಇವತ್ತಿನ ಪ್ರಾರ್ಥನೆಯಲ್ಲಿ ನೆನೆಸಿಕೊಳ್ಳಿ ಎಂದು ಕೇಳಿಕೊಂಡೆ. ಆಕೆ ನನ್ನ ಕೈ ಹಿಡಿದು, ವಯಸ್ಸೆಷ್ಟು, ಜೊತೆಗೆ ಯಾರಿದ್ದಾರೆ, ಯಾವ ಆಸ್ಪತ್ರೆ ಎಂದೆಲ್ಲ ಕಳಕಳಿಯಿಂದ ವಿಚಾರಿಸಿದರು. ನನಗೆ ಅರ್ಧ ಭಾರ ಇಳಿದಂತಾಯಿತು.

ಪ್ರಸಂಗ ಮುಗಿದು ಬೇಡಿಕೆಯ ಪ್ರಾರ್ಥನೆ ಬಂತು. ಹತ್ತಿರದಲ್ಲೂ ದೂರದಲ್ಲೂ ಕಾಯಿಲೆ ಬಿದ್ದು ಮಲಗಿರುವವರಿಗಾಗಿ, ಶಸ್ತ್ರಚಿಕಿತ್ಸೆಗೆ ಕಾದಿರುವವರಿಗಾಗಿ, ಅವರ ವೈದ್ಯರಿಗಾಗಿ ಎಂದು ಸಭಾಪಾಲಕಿ ಓದಿದರು. ಸಭೆ 'ಕರ್ತನೇ, ಕರುಣಿಸು' ಎಂದು ಹಾಡಿತು. ನಾನು ಇನ್ನೂ ಕಾಯುತ್ತಿದ್ದೆ. ಮುಂದಿನ ಸಾಲು ಯುದ್ಧ ನಡೆಯುತ್ತಿರುವ ದೇಶಗಳಿಗಾಗಿ, ಅದರ ಮುಂದಿನದು ಆಳುವವರಿಗಾಗಿ. ಕರ್ತನ ಪ್ರಾರ್ಥನೆ ಶುರುವಾಯಿತು, ಮುಗಿಯಿತು. ಅವ್ವನ ಹೆಸರು ಬರಲಿಲ್ಲ.

ಆಮೇಲೆ ಬಾಗಿಲ ಬಳಿ ಆಕೆಯೇ ನನ್ನನ್ನು ಪಕ್ಕಕ್ಕೆ ಕರೆದು ವಿವರಿಸಿದರು. "ಕಾಯಿಲೆ ಅಂದರೆ ಒಬ್ಬರ ಖಾಸಗಿ ಸಂಗತಿ. ಅವರೇ ಒಪ್ಪದೆ ಸಭೆಯ ಮುಂದೆ ಹೆಸರು ಹೇಳುವ ರೂಢಿ ನಮ್ಮಲ್ಲಿಲ್ಲ. ನಾನು ಮನಸ್ಸಿನಲ್ಲಿ ನೆನೆಸಿಕೊಂಡೆ. ದೇವರಿಗೆ ಯಾರು ಎಂದು ಗೊತ್ತಿದೆಯಲ್ಲ." ಅವರ ದನಿಯಲ್ಲಿ ತಾತ್ಸಾರವಿರಲಿಲ್ಲ. ಆದರೂ ಆ ಮಾತು ನನಗೆ ಚುಚ್ಚಿತು. ಮನೆಗೆ ನಡೆದುಕೊಂಡು ಬರುವಾಗ ದಾರಿಯುದ್ದಕ್ಕೂ ಚುಚ್ಚುತ್ತಲೇ ಇತ್ತು.

ಅದೇ ಹೊತ್ತಿಗೆ ತಮ್ಮ ವಾಟ್ಸಾಪಿನಲ್ಲಿ ಒಂದು ರೆಕಾರ್ಡಿಂಗ್ ಕಳಿಸಿದ. ನಮ್ಮೂರು ಬೆಟಗೇರಿಯಲ್ಲಿ ಆರಾಧನೆ ಆಗಲೇ ಮುಗಿದಿತ್ತು. ಫ್ಯಾನಿನ ಕಿರಕಿರ, ಹಿಂದೆಲ್ಲೋ ಒಂದು ಕೂಸಿನ ಅಳು, ಅದರ ನಡುವೆ ನಮ್ಮ ಸಭಾಪಾಲಕರಾದ ಅಯ್ಯನವರ ದನಿ. ಅವ್ವನ ಹೆಸರು, ಅಪ್ಪನ ಹೆಸರು, ನಮ್ಮ ಓಣಿ, ಯಾವ ಆಸ್ಪತ್ರೆ, ಎಷ್ಟು ಗಂಟೆಗೆ ಒಳಗೆ ಒಯ್ಯುತ್ತಾರೆ, ಎಲ್ಲವನ್ನೂ ಅವರು ದೇವರ ಮುಂದೆ ಒಂದೊಂದಾಗಿ ಇಟ್ಟರು. "ದೂರದ ಜರ್ಮನಿಯೊಳಗ ಕುಂತು ಅಳಾಕತ್ತಿರೋ ಈಕಿ ಮಗಳನ್ನೂ ಸಂತೈಸು ತಂದೇ" ಎಂದರು. ನಾನು ಅಳುತ್ತಿದ್ದೇನೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಹಿರಿಯರೊಬ್ಬರು ಸಾಲು ಸಾಲಿಗೂ "ಹೌದು ಕರ್ತನೇ, ಹೌದು ಕರ್ತನೇ" ಎನ್ನುತ್ತಿದ್ದರು. ಆ ರೆಕಾರ್ಡಿಂಗನ್ನು ಆ ರಾತ್ರಿ ಮತ್ತೆ ಮತ್ತೆ ಹಾಕಿಕೊಂಡು ಕೇಳಿದೆ.

ಅಂದಿನಿಂದ ಈ ಒಂದು ವಿಷಯ ನನ್ನನ್ನು ಬಿಟ್ಟಿಲ್ಲ. ಕ್ರೈಸ್ತ ಬದುಕಿನಲ್ಲಿ ಪ್ರಾರ್ಥನೆಗೆ ಬಲವಿದೆ ಎಂದು ಇಲ್ಲಿನವರೂ ಹೇಳುತ್ತಾರೆ, ನಾವೂ ಹೇಳುತ್ತೇವೆ. ಆದರೆ ಒಬ್ಬರ ಹೆಸರು ಹಿಡಿದು, ಅವರಿಗೂ ಕೇಳುವಂತೆ, ನಾಲ್ಕು ಜನರ ನಡುವೆ ಪ್ರಾರ್ಥಿಸುವಾಗ ಇರುವ ಬಲ, ಎಲ್ಲರಿಗಾಗಿ ಒಟ್ಟಾಗಿ ಬೇಡಿಕೊಳ್ಳುವಾಗ ನನಗೆ ಸಿಗುತ್ತಿಲ್ಲ.

ನಮ್ಮ ಮನೆಯಲ್ಲಿ ರಾತ್ರಿ ಊಟಕ್ಕೆ ಮೊದಲು ಚಾಪೆ ಹಾಸಿ ಎಲ್ಲರೂ ಕೂರುತ್ತಿದ್ದೆವು. ಒಂದು ಕೀರ್ತನೆ ಓದು, ಒಂದು ಸಂಗೀತ, ಆಮೇಲೆ ಅಪ್ಪನ ಪ್ರಾರ್ಥನೆ. ಅಜ್ಜಿಯಿಂದ ಶುರುವಾಗಿ, ಮುಂಬೈಯ ಕಾಕಾ, ಹುಬ್ಬಳ್ಳಿಯ ಅತ್ತೆ, ಅವರ ಮಕ್ಕಳು, ಎದುರು ಮನೆಯ ಮುದುಕಪ್ಪ, ಹೀಗೆ ಹೆಸರುಗಳ ಮೆರವಣಿಗೆ. ಕಾಕಾನ ಜೊತೆ ಅಪ್ಪನಿಗೆ ಆಸ್ತಿಯ ವಿಷಯಕ್ಕೆ ಮಾತು ಬಿಟ್ಟಿತ್ತು. ವರ್ಷಗಟ್ಟಲೆ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಪ್ರಾರ್ಥನೆಯಲ್ಲಿ ಮಾತ್ರ ಕಾಕಾನ ಹೆಸರು ಒಂದು ರಾತ್ರಿಯೂ ತಪ್ಪಲಿಲ್ಲ. ಅಪ್ಪ ಆ ಹೆಸರಿಗೆ ಬಂದಾಗ ಸ್ವಲ್ಪ ತಡೆದು, ಗಂಟಲು ಸರಿಮಾಡಿಕೊಂಡು ಹೇಳುತ್ತಿದ್ದರು. ಮಕ್ಕಳಾದ ನಾವು ಕಣ್ಣು ಮುಚ್ಚಿಕೊಂಡೇ ಅದನ್ನು ಗಮನಿಸುತ್ತಿದ್ದೆವು. ಕ್ಷಮಿಸುವುದು ಎಷ್ಟು ಕಷ್ಟ, ಆದರೂ ಅದನ್ನು ದಿನಾ ಮಾಡಬೇಕು ಎನ್ನುವುದನ್ನು ನಾನು ಸಂಡೇ ಸ್ಕೂಲಿನಲ್ಲಿ ಕಲಿಯಲಿಲ್ಲ, ಆ ಗಂಟಲು ಸರಿಮಾಡಿಕೊಳ್ಳುವ ಸದ್ದಿನಲ್ಲಿ ಕಲಿತೆ. ಒಟ್ಟಾರೆ "ನಮ್ಮ ವೈರಿಗಳಿಗಾಗಿ" ಎಂದು ಪ್ರಾರ್ಥಿಸಿದ್ದರೆ ಅಪ್ಪನಿಗೆ ಗಂಟಲು ಕಟ್ಟುತ್ತಿರಲಿಲ್ಲ.

ಚರ್ಚಿನಲ್ಲೂ ಹಾಗೇ. ಹತ್ತನೇ ಇಯತ್ತೆಯ ಹಾಲ್ ಟಿಕೆಟ್, ಹೊಸ ಗಾಡಿಯ ಕೀಲಿ, ದುಬೈಗೆ ಹೊರಟವನ ಪಾಸ್‌ಪೋರ್ಟ್, ಎಲ್ಲವೂ ವೇದಿಕೆಯ ಮುಂದೆ ಬರುತ್ತಿದ್ದವು. ಅಯ್ಯನವರು ತಲೆಯ ಮೇಲೆ ಕೈಯಿಟ್ಟು ಹೆಸರು ಕರೆದು ಬೇಡುತ್ತಿದ್ದರು. ಆ ಕೈಯ ಭಾರ ಎಷ್ಟೆಂದು ನಮ್ಮವರಿಗೆ ಗೊತ್ತು. ದೇವರಿಗೆ ಕೃತಜ್ಞತೆಯೆಂದು ಕೊಟ್ಟ ಸ್ತೋತ್ರ ಕಾಣಿಕೆಗಳನ್ನು ಓದುವಾಗ ಯಾರ ಮನೆಯಲ್ಲಿ ಏನಾಯಿತು, ಯಾವ ಪ್ರಾರ್ಥನೆಗೆ ಯಾವ ಉತ್ತರ ಬಂತು ಎಂದು ಇಡೀ ಸಭೆಗೆ ತಿಳಿಯುತ್ತಿತ್ತು. ಬೇಡಿದ್ದು ಎಲ್ಲರ ಮುಂದೆ, ಹಾಗಾಗಿ ಸ್ತೋತ್ರ ಹೇಳುವುದೂ ಎಲ್ಲರ ಮುಂದೆ.

ಇಲ್ಲಿ ನಾನು ನರ್ಸ್. ಆಪರೇಷನ್ನಿಗೆ ಹೋಗುವ ರೋಗಿಗಳನ್ನು ಸಿದ್ಧಗೊಳಿಸುವುದು ನನ್ನ ದಿನದ ಕೆಲಸದ ದೊಡ್ಡ ಭಾಗ. ವಾರ್ಡಿನಿಂದ ಹೊರಡುವಾಗ ಹೆಸರು, ಹುಟ್ಟಿದ ತಾರೀಖು ಕೇಳುತ್ತೇವೆ. ಕೈಗೆ ಕಟ್ಟಿದ ಪಟ್ಟಿಯಲ್ಲಿ ಓದುತ್ತೇವೆ. ಥಿಯೇಟರಿನ ಬಾಗಿಲಲ್ಲಿ ಮತ್ತೆ ಕೇಳುತ್ತಾರೆ. ಅರಿವಳಿಕೆ ಕೊಡುವವರು ಕೇಳುತ್ತಾರೆ. ಕೊನೆಗೆ ಚಾಕು ಹಿಡಿಯುವ ಮೊದಲು ಇಡೀ ತಂಡ ಒಂದು ಗಳಿಗೆ ಕೈಕಟ್ಟಿ ನಿಂತು, ಇವರು ಯಾರು, ಏನು ಮಾಡಲಿದ್ದೇವೆ, ಯಾವ ಕಡೆ ಎಂದು ಗಟ್ಟಿಯಾಗಿ ಹೇಳಿಕೊಳ್ಳುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಹೊರತಂದ ಪಟ್ಟಿ ಅದು, ಈಗ ಜಗತ್ತಿನ ಬಹಳ ಕಡೆ ಇದೆ. ಹೆಸರು ತಪ್ಪಿದರೆ ಜೀವ ತಪ್ಪೀತು ಎಂಬ ಭಯದಿಂದ ಹುಟ್ಟಿದ ಶಿಸ್ತು. ಬಾಯಿಬಿಟ್ಟು ಹೇಳದೆ ಮನಸ್ಸಿನಲ್ಲೇ ಅಂದುಕೊಂಡರೆ ಸಾಲದು ಎಂದು ಅಲ್ಲಿ ಎಲ್ಲರೂ ಒಪ್ಪುತ್ತಾರೆ. ಅದೇ ಜನ ರವಿವಾರ ಬೆಳಿಗ್ಗೆ ಚರ್ಚಿಗೆ ಬಂದಾಗ, ಕಾಯಿಲೆಯವರು ಹೆಸರಿಲ್ಲದ ಒಂದು ಗುಂಪಾಗಿಬಿಡುತ್ತಾರೆ.

ನಾನು ಊರಲ್ಲಿ ಕೆಲಸ ಕಲಿತ ದಿನಗಳಲ್ಲಿ ಆಪರೇಷನ್ನಿನ ಹಿಂದಿನ ರಾತ್ರಿ ಹಾಸಿಗೆಯ ಸುತ್ತ ಮಂದಿ ಸೇರುತ್ತಿದ್ದರು. ಸಭೆಯ ಹಿರಿಯರು, ನೆರೆಮನೆಯವರು, ಪಕ್ಕದ ಹಾಸಿಗೆಯ ರೋಗಿಯ ಕಡೆಯವರು, ಎಷ್ಟೋ ಸಲ ಬೇರೆ ಧರ್ಮದವರು ಕೂಡ. "ನಮ್ಮವ್ವಗೂ ಒಂದು ಪ್ರಾರ್ಥನಿ ಹೇಳ್ರಿ" ಎಂದು ಆಚೆ ಹಾಸಿಗೆಯಿಂದ ಕೂಗುತ್ತಿದ್ದರು. ಥಿಯೇಟರಿನಲ್ಲಿ ಸರ್ಜನ್ ಕೈತೊಳೆದು ಬಂದು, ರೋಗಿಗೆ ಮಂಪರು ಹತ್ತುವ ಮೊದಲು ಅವರ ಹೆಸರು ಹೇಳಿ ಚಿಕ್ಕದೊಂದು ಪ್ರಾರ್ಥನೆ ಮಾಡುತ್ತಿದ್ದರು. ಆ ಹೊತ್ತಿನಲ್ಲಿ ರೋಗಿಯ ನಾಡಿ ನನ್ನ ಬೆರಳಿನ ಕೆಳಗಿರುತ್ತಿತ್ತು. ಓಡುತ್ತಿದ್ದ ನಾಡಿ ಸಾವಕಾಶ ಆಗುವುದನ್ನು ನಾನು ಬೆರಳಿನಿಂದ ತಿಳಿದಿದ್ದೇನೆ. ಯಾರೂ ಇದನ್ನು ಅಳೆದು ಬರೆದಿಡಲಿಲ್ಲ. ನನಗೆ ಬರೆದಿಟ್ಟದ್ದು ಬೇಕಾಗಿಯೂ ಇಲ್ಲ.

ಇನ್ನೊಂದು ಸಂಗತಿ ನನ್ನನ್ನು ಕಾಡುತ್ತದೆ. ನಮಗೆ ಈ ಪ್ರಾರ್ಥನೆ ಕಲಿಸಿದವರು ಹೋಗಿದ್ದು ಇದೇ ವ್ಯೂರ್ಟೆಂಬರ್ಗ್ ನಾಡಿನಿಂದ. ಬಾಸೆಲ್ ಮಿಷನ್ನಿನ ಮನೆ ಇದ್ದದ್ದು ಸ್ವಿಟ್ಜರ್ಲೆಂಡಿನಲ್ಲಾದರೂ ಅಲ್ಲಿಗೆ ಸೇರಿದ ಹುಡುಗರಲ್ಲಿ ಬಹಳ ಮಂದಿ ಇಲ್ಲಿನ ಹಳ್ಳಿ, ಪೇಟೆಗಳವರು. ಅವರು ನೆಲೆಯೂರಿದ್ದು 1834ರಲ್ಲಿ ಮಂಗಳೂರು, 1837ರಲ್ಲಿ ಧಾರವಾಡ, 1841ರಲ್ಲಿ ನಮ್ಮ ಬೆಟಗೇರಿ. 1843ರಲ್ಲಿ 'ಮಂಗಳೂರ ಸಮಾಚಾರ' ಹೊರಡಿಸಿದ ಮೊಗ್ಲಿಂಗ್ ಹುಟ್ಟಿದ ಬ್ರಾಕೆನ್‌ಹೈಮ್ ನಮ್ಮ ಮನೆಯಿಂದ ದೂರವಿಲ್ಲ. ಕನ್ನಡಕ್ಕೆ ನಿಘಂಟು ಕೊಟ್ಟ ಕಿಟ್ಟೆಲ್ 1903ರಲ್ಲಿ ತೀರಿಕೊಂಡ ಟ್ಯೂಬಿಂಗೆನ್ನಿಗೆ ರೈಲಿನಲ್ಲಿ ಹೋಗಿ ಸಂಜೆಯೊಳಗೆ ವಾಪಸು ಬರಬಹುದು. ಮಿಷನ್ನಿನವರು 1828ರಿಂದ ಹೊರಡಿಸುತ್ತಿದ್ದ ಪತ್ರಿಕೆಯಲ್ಲಿ ನಮ್ಮ ಕಡೆಯ ಸುದ್ದಿಗಳು ಅಚ್ಚಾಗುತ್ತಿದ್ದವು. ಇಲ್ಲಿನ ಹಳ್ಳಿಯವರು ಮಿಷನ್ ಕೂಟಗಳಲ್ಲಿ ಅದನ್ನು ಓದಿಸಿಕೊಂಡು, ಕಂಡರಿಯದ ನಾಡಿನ ಜನರಿಗಾಗಿ ಪ್ರಾರ್ಥಿಸುತ್ತಿದ್ದರು. ಮೂಲೆಯಲ್ಲಿದ್ದ ಬೆಟಗೇರಿಯ ಹೆಸರು ದ್ರಾಕ್ಷಿ ತೋಟದ ಈ ರೈತರ ಬಾಯಲ್ಲಿ ಬಂದದ್ದನ್ನು ನೆನೆದಾಗ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

ಅಷ್ಟೇ ಅಲ್ಲ. ಯೋಹಾನ್ ಕ್ರಿಸ್ಟೋಫ್ ಬ್ಲೂಮ್‌ಹಾರ್ಟ್ ಎಂಬ ಸಭಾಪಾಲಕರು 1830ರಿಂದ 1837ರವರೆಗೆ ಬಾಸೆಲ್ಲಿನ ಮಿಷನ್ ಮನೆಯಲ್ಲಿ ಪಾಠ ಹೇಳಿದವರು. ನಮ್ಮ ನಾಡಿಗೆ ಬಾಸೆಲ್ಲಿನ ಮೊದಲ ಮಿಷನರಿಗಳು ಹೊರಟ ವರ್ಷಗಳೇ ಅವು. 1838ರಲ್ಲಿ ಅವರು ಮ್ಯೋಟ್ಲಿಂಗೆನ್ ಎಂಬ ಹಳ್ಳಿಯ ಸಭೆಗೆ ಬಂದರು. ಅಲ್ಲಿ ನರಳುತ್ತಿದ್ದ ಒಬ್ಬ ಹೆಣ್ಣುಮಗಳಿಗಾಗಿ ಸುಮಾರು ಎರಡು ವರ್ಷ ಹಿಡಿದ ಪಟ್ಟು ಬಿಡದೆ ಪ್ರಾರ್ಥಿಸಿದರು. ಆಕೆ ಗುಣವಾದ ಸುದ್ದಿ ಹಬ್ಬಿ ದೂರದೂರದಿಂದ ಕಾಯಿಲೆಯವರು ಆ ಹಳ್ಳಿಗೆ ನಡೆದು ಬಂದರು. ಬ್ಲೂಮ್‌ಹಾರ್ಟ್ ಒಬ್ಬೊಬ್ಬರನ್ನೇ ಕೂರಿಸಿಕೊಂಡು, ಅವರ ಮಾತು ಕೇಳಿ, ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸುತ್ತಿದ್ದರು. ಮೇಲಿನ ಅಧಿಕಾರಿಗಳಿಗೆ ಇದು ಹಿಡಿಸಲಿಲ್ಲ. ಕೊನೆಗೆ 1852ರಲ್ಲಿ ಬಾಡ್ ಬೋಲ್ ಎಂಬಲ್ಲಿ ಗಂಧಕದ ನೀರಿನ ಸ್ನಾನಗೃಹವೊಂದನ್ನು ಕೊಂಡು, ಬಂದವರೆಲ್ಲ ಅಲ್ಲೇ ಉಳಿದುಕೊಳ್ಳುವಂತೆ ಮಾಡಿದರು. ನಾನು ಬಾಡ್ ಬೋಲ್‌ಗೆ ಹೋಗಿ ಆ ಕಟ್ಟಡದ ಮುಂದೆ ನಿಂತು ಬಂದಿದ್ದೇನೆ. ನಮ್ಮ ಅಯ್ಯನವರು ಮಾಡುವುದು ಪರದೇಶಿ ಪದ್ಧತಿಯಲ್ಲ, ಈ ಮಣ್ಣಿನಲ್ಲೇ ಇದ್ದದ್ದು. ನಾವು ಉಳಿಸಿಕೊಂಡೆವು. ಕಲಿಸಿದವರ ಮೊಮ್ಮಕ್ಕಳು ಬಿಟ್ಟುಕೊಟ್ಟರು.

ಬಿಟ್ಟುಕೊಟ್ಟದ್ದು ಹೇಗೆ ಎಂದು ನೋಡಬೇಕಾದರೆ ಇಲ್ಲಿನ ಒಂದು ಆರಾಧನೆಗೆ ಬಂದು ಕೂರಬೇಕು. ಇಲ್ಲಿನ ಕ್ರಮದಲ್ಲಿ ಮೊದಲ ಪ್ರಾರ್ಥನೆಯ ಬೆನ್ನಿಗೇ ಒಂದು ಮೌನ ಪ್ರಾರ್ಥನೆ ಇದೆ. ಎಲ್ಲರೂ ತಲೆ ಬಾಗಿಸಿ ನಿಲ್ಲುತ್ತಾರೆ. ಯಾರು ಯಾರಿಗಾಗಿ ಏನು ಬೇಡಿಕೊಂಡರು ಎಂದು ಪಕ್ಕದಲ್ಲಿ ನಿಂತ ಗಂಡನಿಗೂ ತಿಳಿಯುವುದಿಲ್ಲ. ಕರ್ತನ ಪ್ರಾರ್ಥನೆಯ ಹೊತ್ತಿಗೆ ಗೋಪುರದ ಗಂಟೆ ಬಾರಿಸುತ್ತದೆ. ಮನೆಯಲ್ಲಿ ಹಾಸಿಗೆ ಹಿಡಿದವರೂ ಅದೇ ಗಳಿಗೆಯಲ್ಲಿ ಅದೇ ಮಾತುಗಳನ್ನು ಹೇಳಿಕೊಳ್ಳಲಿ ಎಂದು ಮಾಡಿದ ಏರ್ಪಾಡು. ಅದು ಒಳ್ಳೆಯ ರೂಢಿ, ನಮ್ಮಲ್ಲಿಯೂ ಇದ್ದಿದ್ದರೆ ಎನಿಸುತ್ತದೆ. ಆದರೆ ಗಂಟೆ ಊರಿಗೆಲ್ಲ ಕೇಳುತ್ತದೆಯೇ ಹೊರತು ಯಾರನ್ನೂ ಹೆಸರು ಹಿಡಿದು ಕರೆಯುವುದಿಲ್ಲ. ಇನ್ನು ಪ್ರಕಟಣೆಯ ಹೊತ್ತಿಗೆ ಆ ವಾರ ಮಣ್ಣು ಮಾಡಿದವರ ಹೆಸರು ಓದುತ್ತಾರೆ. ಪೂರ್ತಿ ಹೆಸರು, ವಯಸ್ಸು. ಸಭೆ ಎದ್ದು ನಿಲ್ಲುತ್ತದೆ. ಮೊದಲ ಸಲ ಅದನ್ನು ಕೇಳಿದಾಗ ಸತ್ತವರ ಮೇಲಿನ ಆ ಗೌರವಕ್ಕೆ ಕಣ್ಣು ತುಂಬಿತ್ತು. ಅವ್ವನ ಹೆಸರು ಬಿಟ್ಟುಹೋದ ಆ ರವಿವಾರವೂ ಹಾಗೆ ಇಬ್ಬರ ಹೆಸರು ಓದಿದರು. ಅವರು ತಿಂಗಳುಗಟ್ಟಲೆ ಕಾಯಿಲೆ ಬಿದ್ದಿದ್ದಾಗ ಈ ಸಭೆಯಲ್ಲಿ ಅವರ ಹೆಸರು ಒಮ್ಮೆಯೂ ಕೇಳಿಬಂದಿರಲಿಲ್ಲ. ಸಭೆಯ ಬಾಯಲ್ಲಿ ಹೆಸರು ಬರಬೇಕಾದರೆ ಸಾಯಬೇಕೇ?

ಸತ್ಯವೇದ ನನ್ನ ಕಡೆಗಿದೆ ಎಂದೇ ನಾನು ನಂಬಿದ್ದೇನೆ. ಮಹಾಯಾಜಕನಾದ ಆರೋನನು ದೇವರ ಸನ್ನಿಧಿಗೆ ಹೋಗುವಾಗ ಹೆಗಲ ಮೇಲಿನ ಎರಡು ರತ್ನಗಳಲ್ಲಿ ಆರಾರು ಹೆಸರು, ಎದೆಯ ಪದಕದ ಹನ್ನೆರಡು ರತ್ನಗಳಲ್ಲಿ ಹನ್ನೆರಡು ಹೆಸರು ಕೆತ್ತಿಸಿಕೊಂಡು ಹೋಗಬೇಕಿತ್ತು. "ಇಸ್ರಾಯೇಲ್ಯರೆಲ್ಲರಿಗಾಗಿ" ಎಂದು ಒಂದೇ ಕಲ್ಲಿನ ಮೇಲೆ ಬರೆಯಿಸಿ ಕೆಲಸ ಮುಗಿಸಬಹುದಿತ್ತಲ್ಲ! ಪೌಲನು ರೋಮಾಪುರದವರಿಗೆ ಬರೆದ ಪತ್ರದ ಕೊನೆಯ ಅಧ್ಯಾಯವಂತೂ ಹೆಸರುಗಳ ಸರಮಾಲೆ. ಕಾಯಿಲೆ ಬಿದ್ದವನು ಸಭೆಯ ಹಿರಿಯರನ್ನು ಕರೆಸಲಿ, ಅವರು ಎಣ್ಣೆ ಹಚ್ಚಿ ಅವನಿಗಾಗಿ ಪ್ರಾರ್ಥಿಸಲಿ ಎಂದು ಯಾಕೋಬನು ಬರೆದಿದ್ದಾನೆ. ಎಣ್ಣೆಯನ್ನು ಒಟ್ಟಾರೆ ಎಲ್ಲರಿಗೂ ಹಚ್ಚಲಾಗುವುದಿಲ್ಲ, ಒಂದು ಹಣೆ ಬೇಕೇ ಬೇಕು.

ಇದನ್ನೆಲ್ಲ ಒಂದು ದಿನ ಸಭಾಪಾಲಕಿಯ ಹತ್ತಿರ ಹೇಳಿಯೂ ಹೇಳಿದೆ. ಅಷ್ಟರಲ್ಲಿ ಅವ್ವ ಗುಣವಾಗಿ ಮನೆಗೆ ಬಂದಿದ್ದಳು. ಸಭಾಪಾಲಕಿ ಪೂರ್ತಿ ಕೇಳಿಸಿಕೊಂಡು, "ಬೇಥಾನ್ಯದ ಅಕ್ಕತಂಗಿಯರು ಯೇಸುವಿಗೆ ಏನೆಂದು ಹೇಳಿಕಳಿಸಿದರು, ನೆನಪಿದೆಯೇ?" ಎಂದರು. ನೆನಪಿತ್ತು. ನಿನಗೆ ಪ್ರಿಯನಾದವನು ಕಾಯಿಲೆ ಬಿದ್ದಿದ್ದಾನೆ, ಅಷ್ಟೇ. ಮಾರ್ಥಳೂ ಮರಿಯಳೂ ತಮ್ಮ ಲಾಜರನ ಹೆಸರನ್ನು ಹೇಳಿಕಳಿಸಲಿಲ್ಲ. ಅಕ್ಕ ಮಿರ್ಯಾಮಳಿಗೆ ತೊನ್ನು ಹತ್ತಿದಾಗ ಮೋಶೆ ಮಾಡಿದ ಪ್ರಾರ್ಥನೆಯಲ್ಲೂ ಹೆಸರಿಲ್ಲ, ದೇವರೇ, ಆಕೆಯನ್ನು ವಾಸಿಮಾಡು ಎಂದಿಷ್ಟೇ. ನಾನು ಬಿಡಲಿಲ್ಲ. "ಸಮಾಧಿಯ ಮುಂದೆ ನಿಂತಾಗ ಯೇಸು ಲಾಜರನೇ ಎಂದು ಕರೆದನಲ್ಲ? ಸತ್ತವನಿಗೂ ಕೇಳುವಷ್ಟು ಗಟ್ಟಿಯಾಗಿ?" ಆಕೆ ನಕ್ಕು, ಚಹಾ ಬಗ್ಗಿಸಿದರು. ಅವರ ಮಾತು ಅವರದು, ನನ್ನ ಮಾತು ನನ್ನದಾಗಿಯೇ ಉಳಿಯಿತು.

ಹಾಗೆಂದು ಇಲ್ಲಿನವರು ಹೆಸರು ಹಿಡಿದು ಪ್ರಾರ್ಥಿಸುವುದೇ ಇಲ್ಲ ಎಂದು ಹೇಳಲಾರೆ. ಅದು ನನಗೆ ಗೊತ್ತಾದದ್ದು ವಾರ್ಡಿನಲ್ಲಿ. ಎಂಬತ್ತು ದಾಟಿದ ಒಬ್ಬ ಅಜ್ಜಿ ಬಹಳ ದಿನ ನಮ್ಮಲ್ಲಿದ್ದರು. ಹಾಸಿಗೆಯ ಪಕ್ಕದ ಮೇಜಿನ ಮೇಲೆ ಕನ್ನಡಕ, ಹಲ್ಲಿನ ಸೆಟ್ಟಿನ ಡಬ್ಬಿ, ಜೊತೆಗೆ ಒಂದು ನೀಲಿ ಪುಸ್ತಕ. ಜರ್ಮನಿಯದೇ ಹೆರ್ನ್‌ಹೂಟ್ ಎಂಬ ಊರಿನ ಸಭೆಯವರು 1731ರಿಂದ ಒಂದು ವರ್ಷವೂ ತಪ್ಪದೆ ಅಚ್ಚು ಹಾಕುತ್ತಿರುವ ದಿನವಾಕ್ಯದ ಪುಸ್ತಕ ಅದು. ಹಳೆ ಒಡಂಬಡಿಕೆಯ ವಾಕ್ಯಗಳನ್ನು ಚೀಟಿ ಎತ್ತಿ ಆರಿಸುತ್ತಾರೆ, ಅದಕ್ಕೆ ಹೊಂದುವ ಹೊಸ ಒಡಂಬಡಿಕೆಯ ವಾಕ್ಯವನ್ನು ಹುಡುಕಿ ಜೋಡಿಸುತ್ತಾರೆ. ಬೆಳಗಿನ ಡ್ಯೂಟಿಗೆ ನಾನು ಬಿ.ಪಿ. ನೋಡಲು ಹೋದಾಗ ಅಜ್ಜಿ ಆ ಪುಸ್ತಕ ಮಡಿಲಲ್ಲಿಟ್ಟುಕೊಂಡು, ಬೆರಳಿಗೆ ಬೆರಳು ಹೆಣೆದು, ತುಟಿ ಅಲ್ಲಾಡಿಸುತ್ತ ಕೂತಿರುತ್ತಿದ್ದರು. ನಾನು ಬಾಗಿಲಲ್ಲೇ ನಿಲ್ಲುತ್ತಿದ್ದೆ. ಪರಿಚಯ ಬೆಳೆದ ಮೇಲೆ ಒಂದು ದಿನ ಕೇಳಿಯೇಬಿಟ್ಟೆ, ಯಾರಿಗಾಗಿ ಇಷ್ಟು ಹೊತ್ತು ಎಂದು. ಅವರು ಪುಸ್ತಕದ ಕೊನೆಯ ಖಾಲಿ ಪುಟಗಳನ್ನು ತೆರೆದು ತೋರಿಸಿದರು. ಪೆನ್ಸಿಲಿನಲ್ಲಿ ಸಣ್ಣ ಅಕ್ಷರದ ಹೆಸರುಗಳು. ಸೋಮವಾರದವು, ಮಂಗಳವಾರದವು ಎಂದು ಬೇರೆ ಬೇರೆ. ಸತ್ತವರ ಹೆಸರಿನ ಮೇಲೆ ತೆಳುವಾದ ಗೆರೆ. ಒಂದು ಹೆಸರು ಮಾತ್ರ ಏಳೂ ದಿನದ ಪಟ್ಟಿಯಲ್ಲಿತ್ತು, ಅದು ಮಗಳದು.

ಆ ಮಗಳು ದಿನಾ ಮಧ್ಯಾಹ್ನ ಬರುತ್ತಿದ್ದಳು. ಇಲ್ಲಿ ಚರ್ಚು ಬಿಡುವವರು ಸರ್ಕಾರಿ ಕಚೇರಿಗೆ ಹೋಗಿ ಕಾಗದಕ್ಕೆ ಸಹಿ ಹಾಕಿ ಬಿಡುತ್ತಾರೆ. ಆಕೆಯೂ ಹಾಗೆ ಬಿಟ್ಟವಳು. ತಾಯಿ ತನಗಾಗಿ ದಿನಾ ಪ್ರಾರ್ಥಿಸುತ್ತಾಳೆಂದು ಆಕೆಗೆ ಗೊತ್ತಿರಲಿಲ್ಲ. "ಅವಳಿಗೆ ಹೇಳಿ ಅಜ್ಜಿ, ಒಂದು ಸಲ ಅವಳ ಮುಂದೆಯೇ ಪ್ರಾರ್ಥಿಸಿ" ಎಂದೆ. ಅಜ್ಜಿ ತಲೆಯಾಡಿಸಿದರು. "ಅವಳ ಮೇಲೆ ಭಾರ ಹೊರಿಸಿದ ಹಾಗಾಗುತ್ತದೆ. ಇದು ನನಗೂ ದೇವರಿಗೂ ಇರುವ ಮಾತು." ಬಾಗಿಲು ಮುಚ್ಚಿಕೊಂಡು ಪ್ರಾರ್ಥಿಸಿರಿ ಎಂದು ಕರ್ತನೇ ಹೇಳಿದ್ದಾನೆ ಎಂಬುದನ್ನು ಅವರು ನನಗೆ ನೆನಪಿಸಬೇಕಾಗಿರಲಿಲ್ಲ. ಅಷ್ಟು ಪ್ರೀತಿ, ಅಷ್ಟು ವರ್ಷ, ಒಂದು ದಿನವೂ ಬಿಡದೆ. ಆ ನಿಷ್ಠೆ ನಮ್ಮ ಮನೆಗಳಲ್ಲಿ ಎಷ್ಟು ಕಡೆ ಇದೆ? ಪ್ರಾರ್ಥನೆಯನ್ನೆಲ್ಲ ಅಯ್ಯನವರ ಮೇಲೆ ಹಾಕಿ, ಫೋನಿನಲ್ಲಿ "ಪ್ರಾರ್ಥನ್ಯಾಗ ಇಟ್ಕೊಳ್ರಿ" ಎಂದು ಹೇಳಿ, ಆಮೇಲೆ ನಾವೇ ಮರೆತುಬಿಡುವವರು ನಮ್ಮಲ್ಲೂ ಬೇಕಾದಷ್ಟು ಜನ. ಆದರೂ ಆ ಮಗಳು ಎದ್ದು ಹೋಗುವಾಗಲೆಲ್ಲ ನನಗೆ ಸಂಕಟವಾಗುತ್ತಿತ್ತು. ತಾಯಿಯ ಬಾಯಲ್ಲಿ ತನ್ನ ಹೆಸರನ್ನು ಆ ದನಿಯಲ್ಲಿ ಕೇಳುವ ಹಕ್ಕು ಅವಳಿಗೂ ಇತ್ತು.

ಇಷ್ಟು ಹೇಳಿದ ಮೇಲೆ ಊರಿನ ಒಂದು ಮಾತನ್ನೂ ಹೇಳಲೇಬೇಕು, ಹೇಳಲು ಮನಸ್ಸಿಲ್ಲದಿದ್ದರೂ. ನಮ್ಮ ಸಭೆಯಲ್ಲಿ ಒಬ್ಬ ಅಕ್ಕ ಇದ್ದಳು. ಮದುವೆಯಾಗಿ ವರ್ಷಗಳಾದರೂ ಮಕ್ಕಳಾಗಿರಲಿಲ್ಲ. ಸ್ತ್ರೀಯರ ಕೂಟದಲ್ಲಿ ಪ್ರತಿ ವಾರ ಅವಳ ಹೆಸರು. ಮನೆ ಪ್ರಾರ್ಥನೆಗೆ ಹೋದರೆ ಅಲ್ಲಿಯೂ. ಸತ್ಯವೇದದಲ್ಲಿ ಬಹಳ ಕಾದು ತಾಯಿಯಾದ ಹನ್ನಳ ಕಥೆ, ಸಾರಳ ಕಥೆ, ಎಲಿಸಬೇತಳ ಕಥೆ, ಒಂದಾದ ಮೇಲೊಂದು. ಪ್ರಾರ್ಥನೆ ಮುಗಿದು ಅವಲಕ್ಕಿ, ಚಹಾ ಬರುವ ಹೊತ್ತಿಗೆ ಯಾವ ಡಾಕ್ಟರು, ಏನೆಂದರು, ದೋಷ ಯಾರಲ್ಲಿ ಎಂಬ ವಿಚಾರಣೆ. ಯಾರಿಗೂ ಕೆಟ್ಟ ಮನಸ್ಸಿರಲಿಲ್ಲ, ಅವ್ವನೂ ಆ ಕೂಟದಲ್ಲಿದ್ದವಳೇ. ಅಕ್ಕ ಮೊದಲು ಕೂಟಕ್ಕೆ ಬರುವುದನ್ನು ಬಿಟ್ಟಳು, ಆಮೇಲೆ ಆರಾಧನೆಗೆ ಬರುವುದನ್ನು. ಒಮ್ಮೆ ಗದಗ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಾಗ ನನ್ನ ಕೈ ಹಿಡಿದುಕೊಂಡು ಹೇಳಿದಳು. "ದೇವರ ಮುಂದ ನನ್ನ ಹೆಸರು ತಗೊಂಡ್ರ ಬ್ಯಾಡನ್ನಾಂಗಿಲ್ಲವಾ. ಆದ್ರ ನನಗ ಕೇಳಿ ತಗೊಬೇಕಿತ್ತು."

ಈಗ ವಾಟ್ಸಾಪ್ ಗುಂಪುಗಳು ಬಂದು ಅದು ಇನ್ನೂ ಮುಂದೆ ಹೋಗಿದೆ. ಪ್ರಾರ್ಥನೆಯ ವಿನಂತಿ ಎಂದು ಯಾರದೋ ಸ್ಕ್ಯಾನ್ ರಿಪೋರ್ಟಿನ ಫೋಟೋ, ಐಸಿಯುನಲ್ಲಿ ಮೂಗಿಗೆ ಪೈಪು ಹಾಕಿಸಿಕೊಂಡು ಮಲಗಿದವರ ಫೋಟೋ. ಕೆಳಗೆ ಕೈಮುಗಿದ ಚಿತ್ರಗಳ ಸಾಲು. ನರ್ಸಾಗಿ ಅದನ್ನು ನೋಡುವಾಗ ನನಗೆ ಸಿಟ್ಟು ಬರುತ್ತದೆ. ಆ ರೋಗಿಗೆ ಪ್ರಜ್ಞೆ ಇದ್ದಿದ್ದರೆ ಒಪ್ಪುತ್ತಿದ್ದರೇ? ಇಲ್ಲಿನ ಸಭಾಪಾಲಕಿ ನನ್ನ ಚೀಟಿಯನ್ನು ಮಡಿಚಿ ಪುಸ್ತಕದೊಳಗೆ ಇಟ್ಟುಕೊಂಡದ್ದರ ಹಿಂದೆ ಇರುವ ಎಚ್ಚರ ನಮ್ಮವರಿಗೂ ಸ್ವಲ್ಪ ಬೇಕು ಎಂದು ಒಪ್ಪುತ್ತೇನೆ. ಒಪ್ಪಿಗೆ ಕೇಳಿದ್ದರೆ ಆ ಅಕ್ಕ ಈಗಲೂ ನಮ್ಮ ಬೆಂಚಿನಲ್ಲೇ ಕೂರುತ್ತಿದ್ದಳೇನೋ.

ಆದರೆ ಕೇಳುವುದು ಬೇರೆ, ಬಿಟ್ಟುಬಿಡುವುದು ಬೇರೆ. ಇಲ್ಲಿಯ ಸಭಾ ಮಂಡಳಿಗೆ ನಾನೊಂದು ಕಾಗದ ಬರೆದು ಕೊಟ್ಟಿದ್ದೇನೆ. ಬಾಗಿಲ ಬಳಿ ಒಂದು ನೋಟುಬುಕ್ ಇಡಿ, ತನ್ನ ಹೆಸರನ್ನು ಪ್ರಾರ್ಥನೆಯಲ್ಲಿ ಗಟ್ಟಿಯಾಗಿ ಹೇಳಬೇಕು ಎಂದು ಬಯಸುವವರು ತಾವೇ ಬರೆದು ಸಹಿ ಹಾಕಲಿ, ಬರಲಾಗದವರಿಂದ ಮನೆಯವರು ಸಹಿ ಮಾಡಿಸಿ ತರಲಿ ಎಂದು ಕೇಳಿದ್ದೇನೆ. ಸಹಿಯಿದ್ದರೆ ಖಾಸಗಿ ಸಂಗತಿ ಕಾಯುವ ಇವರ ಕಾನೂನಿಗೂ ತೊಂದರೆಯಿಲ್ಲ. ಮುಂದಿನ ಸಭೆಯಲ್ಲಿ ಚರ್ಚೆಗೆ ಇಡುತ್ತೇವೆ ಎಂದಿದ್ದಾರೆ. ಅಷ್ಟೊಂದು ಮಂದಿಯ ಮುಂದೆ ತನ್ನ ಕಾಯಿಲೆಯನ್ನು ಯಾರು ಹೇಳಿಕೊಂಡಾರು ಎಂದು ಒಬ್ಬ ಹಿರಿಯರು ಸಂಶಯಪಟ್ಟರಂತೆ. ಮೊದಲ ಹೆಸರು ನಾನೇ ಬರೆಯುತ್ತೇನೆ, ನನ್ನ ಮಂಡಿನೋವಿಗೆ.

ಊರಿಗೆ ಹೋದಾಗ ಅಯ್ಯನವರ ಹತ್ತಿರವೂ ಈ ಮಾತು ಎತ್ತುವವಳಿದ್ದೇನೆ. ಕೂಟದಲ್ಲಿ ಒಬ್ಬರ ಹೆಸರು ತೆಗೆಯುವ ಮುನ್ನ ಅವರನ್ನು ಒಂದು ಮಾತು ಕೇಳಿರಿ, ಬೇಡ ಎಂದವರಿಗಾಗಿ ಮನೆಯಲ್ಲಿ ಬಾಗಿಲು ಮುಚ್ಚಿಕೊಂಡು ಪ್ರಾರ್ಥಿಸಿರಿ, ಫೋಟೋಗಳನ್ನು ನಿಲ್ಲಿಸಿರಿ. ಅವ್ವ ಆಗಲೇ ತಕರಾರು ತೆಗೆದಿದ್ದಾಳೆ, "ಪ್ರಾರ್ಥನಿ ಮಾಡಾಕ ಪರ್ಮಿಷನ್ ಏನಬೇ?" ಎಂದು. ಅವಳಿಗೆ ಆ ಅಕ್ಕನ ಮನೆಗೆ ಒಂದು ಸಲ ಹೋಗಿ ಬಾ ಎಂದು ಹೇಳಿದ್ದೇನೆ. ಹೋಗುತ್ತಾಳೆ. ಆದರೆ ಇಲ್ಲಿನವರನ್ನು ನೋಡಿ ನಮ್ಮವರೂ "ಎಲ್ಲ ರೋಗಿಗಳಿಗಾಗಿ" ಎಂದು ಒಂದು ಸಾಲಿನಲ್ಲಿ ಮುಗಿಸುವುದನ್ನು ಕಲಿತರೆ ನಾನು ಒಪ್ಪುವವಳಲ್ಲ. ಗಂಟಲು ಕಟ್ಟಲಿ, ದನಿ ನಡುಗಲಿ, ಫ್ಯಾನು ಕಿರಗುಟ್ಟಲಿ. ನನ್ನ ಹೆಸರನ್ನಂತೂ, ನನಗೆ ಕೇಳುವ ಹಾಗೆ ಹೇಳಿರಿ.